ವೇದಿಕೆ ಹತ್ತದ ಮಕ್ಕಳು
(ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಟ್ರಸ್ಟಿನ ಪರವಾಗಿ ಮಾಡಿದ ಭಾಷಣ)



ದಾನಿಗಳ ಹಣದ ಲೆಕ್ಕ ಈ ವರದಿಯಲ್ಲೇ ಇದೆ. ಇಂದು ನಾವು ಇನ್ನೊಂದು ಲೆಕ್ಕ ಒಪ್ಪಿಸಬೇಕಾಗಿದೆ. ಅದು ನಮ್ಮಿಂದಾದ ಒಂದು ತಪ್ಪಿನದು.

ಹಿಂದೊಂದು ವರ್ಷ ಹೆಚ್ಚು ಅಂಕ ಪಡೆದವರನ್ನು ಮಾತ್ರ ವೇದಿಕೆಗೆ ಕರೆದು ಶಾಲು ಹೊದಿಸಿದೆವು. ಉಳಿದ ಮಕ್ಕಳಿಗೆ ಕೆಳಗೆ ಮೇಜಿನ ಹತ್ತಿರ ಚೆಕ್ ಕೊಟ್ಟು ಕಳಿಸಿದೆವು. ಒಂದೇ ಮನೆಯ ಅಕ್ಕ-ತಂಗಿ ಬಂದಿದ್ದರು. ತಂಗಿ ವೇದಿಕೆ ಹತ್ತಿದಳು, ಅಕ್ಕ ಸಾಲಿನಲ್ಲಿ ನಿಂತಳು. ಮರುವರ್ಷ ತಂಗಿಯ ಅರ್ಜಿ ಬಂತು, ಅಕ್ಕನದು ಬರಲಿಲ್ಲ. ವಿಚಾರಿಸಿದಾಗ ತಾಯಿ ಹೇಳಿದರು: “ಆಕಿ ಒಲ್ಲೆ ಅಂತಾಳ್ರೀ ಸಾಹೇಬ್ರ. ರೊಕ್ಕಾನೂ ಬ್ಯಾಡ, ಎಲ್ಲಾರ ಮುಂದ ದಡ್ಡಿ ಅನಿಸ್ಕೊಳ್ಳೂದೂ ಬ್ಯಾಡ ಅಂತಾಳ.”

ತಂದೆ-ತಾಯಿ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದ ತಿಂಗಳುಗಳಲ್ಲಿ ಮನೆ ನಡೆಸಿದವಳು ಆ ಅಕ್ಕ. ರೊಟ್ಟಿ ಬಡಿದು, ತಮ್ಮ-ತಂಗಿಯರನ್ನು ಶಾಲೆಗೆ ಕಳಿಸಿ, ತಾನೂ ಓದಿ ಪಾಸಾಗಿದ್ದಳು. ತಂಗಿಯ ಅಂಕದಲ್ಲಿ ಅಕ್ಕನ ದುಡಿಮೆಯೂ ಇತ್ತು. ಅಂಕಪಟ್ಟಿಯಲ್ಲಿ ಅದು ಕಾಣಲಿಲ್ಲ, ನಮಗೂ ಕಾಣಲಿಲ್ಲ.

ಸ್ಪರ್ಧೆಯೇ ಬೇಡ ಎಂದು ನಾವು ಹೇಳುವುದಿಲ್ಲ. ಕಬಡ್ಡಿ ಅಂಗಳದಲ್ಲಿ ಸೋತ ಹುಡುಗ ಮರುದಿನ ಮತ್ತೆ ಆಡಲು ಬರುತ್ತಾನೆ. ಪ್ರತಿಭಾ ಕಾರಂಜಿಯಲ್ಲಿ ಕವ್ವಾಲಿ ಹಾಡಲು ಐದಾರು ಮಕ್ಕಳು ಒಟ್ಟಿಗೆ ಕೂತು ಒಬ್ಬರ ದನಿಗೆ ಇನ್ನೊಬ್ಬರು ದನಿ ಕೂಡಿಸುತ್ತಾರೆ. ಒಳ್ಳೆಯ ಕೆಲಸಗಳಲ್ಲಿ ಒಬ್ಬರಿಗಿಂತ ಒಬ್ಬರು ಮುಂದಾಗಿ ಎಂದು ನಮ್ಮ ಧರ್ಮವೂ ಕಲಿಸುತ್ತದೆ. ಆ ಓಟದಲ್ಲಿ ಒಬ್ಬ ಗೆದ್ದರೆ ಇನ್ನೊಬ್ಬ ಸೋಲಬೇಕಾಗಿಲ್ಲ.

ಆದರೆ ನಮ್ಮ ಜಿಲ್ಲೆಯಲ್ಲಿ ಈಗ ನಾಲ್ಕನೇ, ಐದನೇ ತರಗತಿಯ ಮಕ್ಕಳೇ ನವೋದಯ, ಸೈನಿಕ ಶಾಲೆ, ಕಿತ್ತೂರು, ಮೊರಾರ್ಜಿ ಎಂದು ಕೋಚಿಂಗಿಗೆ ಹೋಗುತ್ತಿದ್ದಾರೆ. ಈ ಶಾಲೆಗಳು ಒಳ್ಳೆಯವೇ, ಬಡವರ ಮಕ್ಕಳಿಗೆ ದೊಡ್ಡ ಆಸರೆ. ಆದರೆ ಲೆಕ್ಕ ನೋಡಿ. ನವೋದಯದ ಒಂದು ಶಾಲೆಯಲ್ಲಿ ಆರನೇ ತರಗತಿಗೆ ಹೆಚ್ಚೆಂದರೆ 80 ಸೀಟು. ಪರೀಕ್ಷೆ ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಒಂದು ಮಗು ಆ ಪರೀಕ್ಷೆಯನ್ನು ಒಂದೇ ಸಲ ಬರೆಯಬಹುದು. ಬರೆದವರಲ್ಲಿ ಹೆಚ್ಚಿನವರಿಗೆ ಸೀಟು ಸಿಗುವುದಿಲ್ಲ ಎಂಬುದು ಮೊದಲೇ ಗೊತ್ತಿರುವ ಸಂಗತಿ. ಹೀಗಿದ್ದೂ ಸೀಟು ಸಿಗದ ಹತ್ತು ವರ್ಷದ ಮಗುವಿಗೆ “ಇಷ್ಟು ಖರ್ಚು ಮಾಡಿದ್ವಿ, ದಂಡ ಆತು” ಎಂದರೆ, ಅದು ಆ ಮಾತನ್ನು ಪರೀಕ್ಷೆಯ ಬಗ್ಗೆ ಎಂದು ತಿಳಿಯುವುದಿಲ್ಲ. ತಾನೇ ದಂಡ ಎಂದು ತಿಳಿಯುತ್ತದೆ.

ಗೆದ್ದ ಮಗುವಿಗೂ ಪೆಟ್ಟು ಬೀಳುತ್ತದೆ. ಯಾವಾಗಲೂ ಮೊದಲಿಗನಾದ ಹುಡುಗ ಗೆಳೆಯನಿಗೆ ನೋಟ್ಸ್ ಕೊಡಲು ಹಿಂಜರಿಯುತ್ತಾನೆ. ಗೊತ್ತಿಲ್ಲದ್ದನ್ನು ಕೇಳಲು ನಾಚುತ್ತಾನೆ. ಉರ್ದು ಮಾಧ್ಯಮದಲ್ಲಿ ಮುಂದಿದ್ದ ಹುಡುಗರು ಪಿಯುಸಿಯಲ್ಲಿ ಇಂಗ್ಲಿಷ್ ಮಾಧ್ಯಮಕ್ಕೆ ಹೋಗಿ ಮೊದಲ ಕಿರುಪರೀಕ್ಷೆಯಲ್ಲೇ ಕಡಿಮೆ ಅಂಕ ಬಂದಾಗ ಮಾತನ್ನೇ ಬಿಟ್ಟದ್ದನ್ನು ನಾವು ಕಂಡಿದ್ದೇವೆ. ಅವರಿಗೆ ಸೋಲುವ ಅಭ್ಯಾಸವಿರಲಿಲ್ಲ, ಸೋತಾಗ ಯಾರ ಹತ್ತಿರ ಹೋಗಬೇಕೆಂದೂ ಗೊತ್ತಿರಲಿಲ್ಲ.

ಕಾನೂನೂ ಮಗುವಿನ ಪರವಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಗುವಿಗೆ ಹೊಡೆಯುವುದನ್ನೂ ಮಾನಸಿಕ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಮಗು ಭಯ, ಆತಂಕಗಳಿಲ್ಲದೆ ಕಲಿಯಬೇಕು ಎನ್ನುತ್ತದೆ 29ನೇ ಕಲಂ. ಎಸ್ಸೆಸ್ಸೆಲ್ಸಿಯಲ್ಲಿ ಒಂದೇ ವರ್ಷ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಒಮ್ಮೆ ಬಿದ್ದವರು ಅದೇ ವರ್ಷ ಏಳಬಹುದು. ಆದ್ದರಿಂದ ಮೊದಲ ಫಲಿತಾಂಶ ಬಂದ ದಿನವೇ ಮಗಳ ಮದುವೆ, ಮಗನ ಗ್ಯಾರೇಜು ಎಂದು ತೀರ್ಮಾನಿಸಬೇಡಿ.

ನಾವು ಮಾಡಿಕೊಂಡ ಬದಲಾವಣೆ ಇಷ್ಟು. ಇನ್ನು ಮುಂದೆ ಅರ್ಜಿಗೆ ಅಂಕಗಳ ಮಿತಿ ಇಲ್ಲ, ಪಾಸಾಗಿದ್ದರೆ ಸಾಕು. ಮನೆಯ ಪರಿಸ್ಥಿತಿಯನ್ನು ಮೊದಲು ನೋಡುತ್ತೇವೆ. ಅರ್ಜಿಯಲ್ಲಿ ಹೊಸ ಪ್ರಶ್ನೆಯೊಂದಿದೆ: “ಮನೆಯಲ್ಲಿ ನೀನು ಏನು ಕೆಲಸ ಮಾಡುತ್ತೀ? ಯಾರಿಗೆ ಕಲಿಸಿದ್ದೀ?” ಮಕ್ಕಳೇ, ಉತ್ತರವನ್ನು ನೀವೇ ಬರೆಯಿರಿ, ಕನ್ನಡದಲ್ಲಾಗಲಿ ಉರ್ದುವಿನಲ್ಲಾಗಲಿ. ಚೆಕ್ಕನ್ನು ಎಲ್ಲರಿಗೂ ಒಂದೇ ರೀತಿ, ಹೆಸರು ಕರೆದು ವೇದಿಕೆಯ ಮೇಲೆಯೇ ಕೊಡುತ್ತೇವೆ. ಯಾರ ಅಂಕವನ್ನೂ ಮೈಕಿನಲ್ಲಿ ಓದುವುದಿಲ್ಲ.

ದಾನಿಗಳಲ್ಲಿ ಕೆಲವರು ಕೇಳಿದರು: “ಅಂಕ ನೋಡದೆ ಕೊಟ್ಟರೆ ಹಣ ಸೋರಿಹೋಗುವುದಿಲ್ಲವೇ?” ನ್ಯಾಯವಾದ ಪ್ರಶ್ನೆ. ಮುಂದಿನ ಕಂತಿಗೆ ಹಾಜರಾತಿ ಪತ್ರ ಕಡ್ಡಾಯ. ಓದು ಬಿಡುವ ಮಗುವಿನ ಮನೆಗೆ ನಮ್ಮವರು ಹೋಗಿ ಬರುತ್ತಾರೆ. ತೊಂಬತ್ತು ಅಂಕದ ಮಗುವಿಗೆ ನಾಲ್ಕಾರು ಜನ ನೆರವಾಗಲು ಬರುತ್ತಾರೆ. ಐವತ್ತೈದರ ಮಗುವಿಗೆ ನಾವಲ್ಲದೆ ಯಾರೂ ಇಲ್ಲದಿರಬಹುದು.

ತಂದೆ-ತಾಯಂದಿರಲ್ಲಿ ಒಂದೇ ವಿನಂತಿ. ಇಂದು ಮನೆಗೆ ಹೋಗುವಾಗ ಬಸ್ಸಿನಲ್ಲಿ “ಆಕಿಗೆ ಎಷ್ಟು ಬಂತು?” ಎಂದು ಕೇಳಬೇಡಿ. “ನಿನಗ ಯಾವುದು ತಿಳೀಲಿಲ್ಲ?” ಎಂದು ಕೇಳಿ.

ಆ ಅಕ್ಕನ ಮನೆಗೆ ನಾವು ಹೋಗಿದ್ದೆವು. ತಪ್ಪು ನಮ್ಮದು ಎಂದು ಅವಳೆದುರೇ ಹೇಳಿದೆವು. ಈ ವರ್ಷ ಅವಳ ಅರ್ಜಿ ಬಂದಿದೆ. ಅವಳು ಈ ಸಭೆಯಲ್ಲೇ ಇದ್ದಾಳೆ. ಯಾರೆಂದು ಹೇಳುವುದಿಲ್ಲ. ಎಲ್ಲರಂತೆ ಅವಳ ಹೆಸರನ್ನೂ ಕರೆಯುತ್ತೇವೆ.

ದಾನಿಗಳ ದುಡಿಮೆಯಲ್ಲಿ ಅಲ್ಲಾಹನು ಬರ್ಕತ್ ಕೊಡಲಿ. ನಮ್ಮ ಮಕ್ಕಳಿಗೆ ವಿದ್ಯೆಯ ಜೊತೆಗೆ ಒಳ್ಳೆಯ ಮನಸ್ಸನ್ನೂ ಕೊಡಲಿ.