ಗಾಯವೂ ಗಾಯಾಳುವೂ



ಬಾದಾಮಿ, ಹುನಗುಂದದ ಸೀಮೆಯಲ್ಲಿ ಯಾವುದಾದರೊಂದು ಹಳೆಯ ಗುಡಿಯ ಅಂಗಳದಲ್ಲಿ ಓರೆಯಾಗಿ ನಿಂತ ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದುತ್ತ ಹೋದರೆ, ಮೊದಲ ಪಟ್ಟಿಕೆಯಲ್ಲಿ ಕಾದಾಡುವ ವೀರನೂ, ನಡುವಣದರಲ್ಲಿ ಅವನನ್ನು ಕರೆದೊಯ್ಯುವ ಅಪ್ಸರೆಯರೂ, ಮೇಲಣದರಲ್ಲಿ ಶಿವಸಾನ್ನಿಧ್ಯವೂ ಕಾಣುವುವು. ಆದರೆ ಏಟಿಗೂ ಸ್ವರ್ಗಕ್ಕೂ ನಡುವಣ ಜ್ವರ, ಕೀವು, ನರಳಿಕೆಗಳನ್ನಾಗಲಿ, ಸಾಯದೆ ಉಳಿದು ಕುಂಟುತ್ತ ಹೊಲಕ್ಕೆ ಮರಳಿದವನನ್ನಾಗಲಿ ಶಿಲ್ಪಿ ಕಂಡರಿಸಲಿಲ್ಲ. ವೈದ್ಯಶಾಸ್ತ್ರವೂ ಬಹುಕಾಲ ಇದೇ ಶಿಲ್ಪಿಯ ಜಾಡು ಹಿಡಿದು ನಡೆಯಿತೆಂಬುದು ನನ್ನ ಹಳೆಯ ದೂರು.

ಗಾಯವನ್ನು ಕೂಡಿಸುವುದರಲ್ಲಿ ನಮ್ಮವರು ಹಿಂದುಳಿದಿರಲಿಲ್ಲ. ಸುಶ್ರುತನ ಮಾತು ಹಾಗಿರಲಿ. 1786ರಲ್ಲಿ ಮರಾಠರೂ ನಿಜಾಮನ ಪಡೆಯೂ ಬಾದಾಮಿಯ ಕೋಟೆಯನ್ನು ಟಿಪ್ಪುವಿನಿಂದ ಕಸಿದುಕೊಂಡ ಕೆಲವೇ ವರ್ಷಗಳ ತರುವಾಯ, 1792ರ ಶ್ರೀರಂಗಪಟ್ಟಣದ ಯುದ್ಧದಲ್ಲಿ, ಇಂಗ್ಲಿಷರ ಎತ್ತುಗಳನ್ನು ಹೊಡೆಯುತ್ತಿದ್ದ ಕಾವಸಜಿಯೆಂಬ ಮರಾಠ ಒಕ್ಕಲಿಗನು ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ವರ್ಷವೊಂದು ಕಳೆದ ಮೇಲೆ, ಪುಣೆಯ ಕಡೆಯ, ಇಟ್ಟಿಗೆ ಮಾಡುವ ಕುಲದವನೊಬ್ಬನು ಮೇಣದ ತೆಳುಹಾಳೆಯನ್ನು ಮೂಗಿನ ಆಕಾರಕ್ಕೆ ಅಳೆದು, ಅದನ್ನು ಹಣೆಯ ಮೇಲೆ ಹರವಿ ಗೆರೆ ಎಳೆದು, ಹುಬ್ಬುಗಳ ನಡುವೆ ಒಂದು ಎಳೆ ಉಳಿಯುವಂತೆ ಚರ್ಮವನ್ನು ಬಿಡಿಸಿ, ತಿರುವಿ ಕೆಳಗಿಳಿಸಿ, ನೀರಿನಲ್ಲಿ ನೆನೆದ ಕಾಚನ್ನು ಬಟ್ಟೆಗೆ ಸವರಿ ಅಂಟಿಸಿದನು. ಸುಮಾರು ಇಪ್ಪತ್ತೈದನೆಯ ದಿನ ಆ ಎಳೆಯನ್ನು ಕತ್ತರಿಸಲು ಹೊಸ ಮೂಗು ನಿಂತಿತು! 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಇದನ್ನು ಅಚ್ಚುಮಾಡಿತು. ಅದನ್ನು ಅರಿತ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು 1814ರಲ್ಲಿ ಅಲ್ಲಿಯೂ ಮಾಡಿ ತೋರಿಸಿದನು. ಮೇಣದ ಲೆಕ್ಕವುಂಟು, ಕಾಚಿನ ಲೆಕ್ಕವುಂಟು. ಮಾಡಿದವನ ಹೆಸರಿಲ್ಲ, ಕಾವಸಜಿ ರಾತ್ರಿ ನಿದ್ದೆ ಮಾಡಿದನೆ ಎಂಬ ಸೊಲ್ಲೂ ಇಲ್ಲ.

ಕ್ಲೋರೋಫಾರ್ಮ್, ಲಿಸ್ಟರನ ಕಾರ್ಬಾಲಿಕ್, ಎಕ್ಸ್-ರೇ ಇವು ಶಾಲೆಯ ಮಕ್ಕಳಿಗೂ ತಿಳಿದ ಸಂಗತಿಗಳಾದುದರಿಂದ ದಾಟಿಬಿಡುವೆನು. ನನಗೆ ಅಚ್ಚುಮೆಚ್ಚಿನವನು ಗ್ಲಾಸ್ಗೋದ ಡೇವಿಡ್ ಕತ್‌ಬರ್ಟ್‌ಸನ್. ಕೆಲವರ ಮುರಿದ ಕಾಲು ಬೇಗನೆ ಕೂಡದೇಕೆ ಎಂಬ ಪ್ರಶ್ನೆಯನ್ನು ಹಿಡಿದು, 1930ರ ಸುಮಾರಿಗೆ ರೋಗಿಗಳ ಮೂತ್ರವನ್ನು ದಿನದಿನವೂ ಸಂಗ್ರಹಿಸಿ, ಸುಣ್ಣಾಂಶವನ್ನು ಅರಸುತ್ತಿದ್ದ ಆತನಿಗೆ ಕಂಡದ್ದು ಸಾರಜನಕದ ಹೊಳೆ, ಎಂದರೆ ಕರಗಿಹೋದ ಮಾಂಸದ ಸುಳಿವು! ಮುರಿದದ್ದು ಒಂದು ಎಲುಬಾದರೂ ಸರ್ವಾಂಗದ ಮಾಂಸವೂ ಕರಗುತ್ತಿದ್ದಿತು; ಅದೂ ಬರಿಯ ಮಲಗಿರುವಿಕೆಯಿಂದ ಆಗುವುದಕ್ಕಿಂತ ಎಷ್ಟೋ ಹೆಚ್ಚಾಗಿ. 1942ರಲ್ಲಿ ಆತನು ಇದಕ್ಕೆ ಇಳಿತ, ಭರತ ಎಂಬ ಎರಡು ಘಟ್ಟಗಳನ್ನು ಗುರುತಿಸಿದನು: ಮೊದಲು ಮೈ ತಣ್ಣಗಾಗಿ ಕುಗ್ಗುವುದು, ಅನಂತರ ಬೆಂಕಿ ಹೊತ್ತಿದಂತೆ ತನ್ನನ್ನೇ ತಾನು ಉರಿಸಿಕೊಳ್ಳುವುದು. ಕಾಲು ಕೂಡಿದರೂ ಮೈ ಕೂಡಲಿಲ್ಲವೆಂದು ನಮ್ಮ ಅಜ್ಜಿಯರು ಹಲುಬುತ್ತಿದ್ದುದಕ್ಕೆ ಅಂಕಿಸಂಖ್ಯೆಗಳ ಸಾಕ್ಷಿ ದೊರೆತದ್ದು ಆಗಲೇ.

ಇಂದು ಹುನಗುಂದ, ಇಳಕಲ್ಲುಗಳ ಹೆದ್ದಾರಿಯಲ್ಲಿ ಬಿದ್ದವನನ್ನೂ, ಕೆಂಪು ಗ್ರಾನೈಟಿನ ಗಣಿಯಲ್ಲಿ ಬಂಡೆಗೆ ಸಿಕ್ಕಿದವನನ್ನೂ 108ರ ವಾಹನ ಒಯ್ಯುವುದು. ಬಾಗಲಕೋಟೆಯಲ್ಲಿ 2002ರಿಂದ ವೈದ್ಯಕೀಯ ಕಾಲೇಜೂ ಉಂಟು. ಆದರೆ ಎಲುಬಿಗೆ ಸರಳು ಹಾಕಿಸಿಕೊಂಡು ಮನೆಗೆ ಬಂದವನಿಗೆ, ನಂಜಾದೀತೆಂದು ಬೇಳೆ, ಮೊಟ್ಟೆ, ಬದನೆಗಳನ್ನು ಬಿಡಿಸಿ ಬರಿಯ ಗಂಜಿ ಕುಡಿಸುವ ಪ್ರೀತಿ ನಮ್ಮಲ್ಲಿ ಇನ್ನೂ ಅಳಿದಿಲ್ಲ. ದೇಹ ತನ್ನ ಮಾಂಸವನ್ನೇ ತಿನ್ನುತ್ತಿರುವ ಹೊತ್ತಿನಲ್ಲಿ ಇದಕ್ಕಿಂತ ಅನ್ಯಾಯವುಂಟೆ? ಹೊಲಿಗೆ ಬಿಚ್ಚಿದ ದಿನವೇ ಚೀಟಿಯಲ್ಲಿ ಅವನ ಕಥೆ ಮುಗಿಯುವುದೂ ನನಗೆ ಸರಿತೋರದು. ಇಳಕಲ್ಲಿನ ನೇಕಾರನು ವರ್ಷದ ಮೇಲೆ ಕುಣಿಮಗ್ಗದ ಗುಂಡಿಗೆ ಕಾಲಿಳಿಸಿ ದಿನವಿಡೀ ತುಳಿಯಬಲ್ಲನೆ, ಗಣಿಯವನು ಸಿಡಿಮದ್ದಿನ ಸದ್ದಿಗೆ ಬೆಚ್ಚುವನೆ, ಸಾಲವೆಷ್ಟಾಯಿತು ಎಂಬುದನ್ನು ಎಕ್ಸ್-ರೇ ತೋರಿಸದು. ಅವರ ಮನೆಯ ಕಟ್ಟೆಯ ಮೇಲೆ ಕುಳಿತು ಕೇಳಿ ಬರೆದುಕೊಳ್ಳುವ ತರುಣ ವೈದ್ಯರು ಬೇಕಾಗಿದ್ದಾರೆ.