ಬಣವೆಗೆ ಬೆಂಕಿ ಇಟ್ಟವಳು

ಕರಿನೀರು ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಸೆಲ್ಯುಲಾರ್ ಜೈಲು. ಅದನ್ನು ಕಟ್ಟಿದ್ದು 1896ರಿಂದ 1906ರ ನಡುವೆ. ಅಂಡಮಾನಿಗೆ ಕೈದಿಗಳು ಹೋಗತೊಡಗಿದ್ದೋ 1858ರಲ್ಲಿ. ಪೋರ್ಟ್ ಬ್ಲೇರಿನ ಸೌತ್ ಪಾಯಿಂಟಿನಲ್ಲಿ ಹೆಂಗಸರದೇ ಒಂದು ಜೈಲಿತ್ತು. ನನ್ನ ಇವತ್ತಿನ ಮಾತು ಆ ಹೆಂಗಸರದು.

ಅವರನ್ನು ನೆನೆದಾಗ ನನಗೆ ಇನ್ನೊಂದು ಗಡೀಪಾರು ನೆನಪಾಗುತ್ತದೆ. ಸಿರುಗುಪ್ಪದಲ್ಲಿ ನಮಗೆ ಚರಿತ್ರೆ ಕಲಿಸಿದ ಮೇಷ್ಟ್ರು ಐರ್ಲೆಂಡಿನ ಕತೆ ಹೇಳುತ್ತಿದ್ದರು. 1791ರಿಂದ 1853ರವರೆಗೆ ಅಲ್ಲಿಂದ ಸುಮಾರು 9 ಸಾವಿರ ಹೆಂಗಸರನ್ನು ಆಸ್ಟ್ರೇಲಿಯಾದ ಕಡೆಗೆ ಸಾಗಿಸಿದರು. ಬಹಳ ಮಂದಿಯದು ಸಣ್ಣಪುಟ್ಟ ಕಳವು. 1845ರಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಬರ ಬಂದಾಗ ಕೆಲವರು ಬೇಕೆಂದೇ ಬಣವೆಗೆ ಬೆಂಕಿ ಇಟ್ಟರು, ಗಡೀಪಾರಾದರೂ ಹೊಟ್ಟೆಗೆ ಸಿಗಲಿ ಎಂದು. ಮೇಷ್ಟ್ರು ಕಿಟಕಿಯಾಚೆಯ ನಮ್ಮ ಭತ್ತದ ಹುಲ್ಲಿನ ಬಣವೆ ತೋರಿಸಿ, "ಅದು ಗುನ್ನೆ ಅಲ್ಲಪ್ಪ, ಎದೆಗಾರಿಕೆ" ಅನ್ನುತ್ತಿದ್ದರು.

ಆ ಮಾತಿನೊಂದಿಗೆ ನಾನು ಇವತ್ತಿಗೂ ಜಗಳ ಆಡುತ್ತಿದ್ದೇನೆ.

ನಮ್ಮ ಅಜ್ಜಿಯರ ಬಾಯಲ್ಲಿದ್ದ ಧಾತು ಬರ ನೆನೆಯಿರಿ. 1876ರಿಂದ 78. ಮದ್ರಾಸ್ ಪ್ರಾಂತದಲ್ಲಿ ಅತಿ ಹೆಚ್ಚು ಬೆಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಬರಗಾಲದ ಕಾಮಗಾರಿಯಲ್ಲಿ ಕಲ್ಲು ಹೊರುವ ಆಳಿಗೆ ದಿನಕ್ಕೆ ಒಂದು ಪೌಂಡ್ ಕಾಳು, ಮೇಲೆ ಪುಡಿಗಾಸು ಸಾಕೆಂದು ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ತೀರ್ಮಾನಿಸಿದ. ದುಡಿಯುವ ಕೈದಿಗೆ ಜೈಲಿನಲ್ಲಿ ಸಿಗುತ್ತಿದ್ದ ಕಾಳು ಅದಕ್ಕಿಂತ ಹೆಚ್ಚು! ಕುರುಗೋಡಿನ ದೊಡ್ಡ ಬಸವಣ್ಣನ ಮುಂದೆ ಮಡಿಲೊಡ್ಡಿದ ತಾಯಿ ಆ ಎರಡು ಅಳತೆಗಳ ನಡುವೆ ನಿಂತಿದ್ದಳು. ಜೈಲಿನ ಕಾಳಿಗಾಗಿ ಅವಳು ಗುನ್ನೆಗೆ ಇಳಿದಿದ್ದರೆ, ಅದನ್ನು ಎದೆಗಾರಿಕೆ ಅಂದುಬಿಟ್ಟರೆ ಅಳತೆ ಮಾಡಿದವನ ಹೆಸರು ಮರೆತುಹೋಗುತ್ತದೆ.

ಅಂಡಮಾನಿನಲ್ಲೂ ಇದೇ ತೊಡಕು. ಅಲ್ಲಿಗೆ ಹೋದವರಲ್ಲಿ ಹಲವರು ಗಂಡನನ್ನೋ ಹಸುಗೂಸನ್ನೋ ಕೊಂದರೆಂದು ಶಿಕ್ಷೆಯಾದವರು. ಕೂಸನ್ನು ಕೊಂದವರಲ್ಲಿ ವಿಧವೆಯರಿದ್ದರು; ಬಸಿರಾದ ವಿಧವೆಯನ್ನು ಊರು ಬಾಳಗೊಡುತ್ತಿತ್ತೇ? ಐದು ವರ್ಷ ಜೈಲಿನಲ್ಲಿ ದುಡಿದ ಮೇಲೆ ಮದುವೆಗೆ ಅಪ್ಪಣೆ. ಹೆಂಗಸರು ಸಾಲಾಗಿ ನಿಲ್ಲಬೇಕು. ಹೊರಗೆ ಬೇಸಾಯ ಮಾಡಿಕೊಂಡಿರಲು ಪರವಾನಗಿ ಸಿಕ್ಕ ಗಂಡು ಕೈದಿ ಬಂದು ನೋಡಿ ಆರಿಸುತ್ತಾನೆ. ಒಲ್ಲೆ ಅನ್ನುವ ಹಕ್ಕು ಅವಳಿಗಿತ್ತು. ಊರಿನಲ್ಲಿ ಉಡಿಕೆಯೂ ದಕ್ಕದಿದ್ದ ಮೇಲುಜಾತಿಯ ವಿಧವೆಗೆ ಅಲ್ಲಿ ಜಾತಿ ಮೀರಿದ ಮದುವೆ, ಮನೆ, ಹೊಲ. ಹುಟ್ಟಿದ ಮಕ್ಕಳ ಮಾತು ಹಿಂದೂಸ್ತಾನಿ. ತಾಯಿಯ ಜೋಗುಳದ ಭಾಷೆ ಅವಳೊಂದಿಗೇ ಮಣ್ಣಾಯಿತು.

ಒಲ್ಲೆ ಅಂದವಳು ಮತ್ತೆ ಜೈಲಿನೊಳಕ್ಕೇ ಹೋಗಬೇಕಿತ್ತು. ಹಾಗಿರುವಾಗ ಅವಳ ಹೂಂ ಅನ್ನುವುದನ್ನು ಒಪ್ಪಿಗೆ ಅನ್ನಲೇ? ಒಪ್ಪಿಗೆ ಅಂದರೆ, ಬಣವೆಯ ಬೆಂಕಿಯ ವಿಷಯದಲ್ಲಿ ಮೇಷ್ಟ್ರೇ ಗೆದ್ದರು. ಅನ್ನದಿದ್ದರೆ, ಅವಳ ಕೈಯಲ್ಲಿ ಉಳಿದಿದ್ದ ಅದೊಂದನ್ನೂ ನಾನೇ ಕಿತ್ತುಕೊಂಡ ಹಾಗಲ್ಲವೇ?