ಕಾಶಿಯಲ್ಲಿ ಹಾಜರಿ



ನಾನು ಕೋಡ್ ಬರೆಯೋನು, ಗಾಯಕ ಅಲ್ಲ. ಗುರುಗ್ರಾಮದಲ್ಲಿ ನಮ್ಮದೊಂದು ಹನ್ನೊಂದು ಜನರ ಭಜನಾ ಗುಂಪು ಇದೆ. ಶನಿವಾರ ಸಂಜೆ ಯಾರದಾದರೂ ಫ್ಲ್ಯಾಟಿನಲ್ಲಿ ಸೇರ್ತೀವಿ. ಒಂದು ಹಾರ್ಮೋನಿಯಂ, ಒಂದು ತಬಲಾ, ನಾಲ್ಕು ಜೊತೆ ತಾಳ. ದಾಸರ ಪದ, ವಚನ, ಶರೀಫರ ತತ್ವಪದ ಹಾಡ್ತೀವಿ. ಆಮೇಲೆ ಚಿತ್ರಾನ್ನ. ನಿಜ ಹೇಳಬೇಕಂದ್ರೆ ಕೆಲವರು ಬರೋದೇ ಚಿತ್ರಾನ್ನಕ್ಕೆ. (ನಗು)

ನಮಗೆ ಹಾಡು ಕಲಿಸಿದ್ದು ಗುಂಪಿನ ಗೆಳೆಯನೊಬ್ಬನ ತಾಯಿ. ನಾವೆಲ್ಲರೂ ಅವರನ್ನ ಅಮ್ಮ ಅಂತಲೇ ಕರೆಯೋದು. ಧಾರವಾಡದ ಕಡೆಯವರು, ಎಪ್ಪತ್ತು ದಾಟಿದೆ. ಊರಿನ ಭಜನಾ ಮಂಡಳಿಯಲ್ಲಿ ನಲವತ್ತು ವರ್ಷ ಹಾಡಿದವರು. ಈಗ ದನಿ ನಡುಗುತ್ತೆ, ಮೇಲಿನ ಸ್ವರಕ್ಕೆ ಹೋದರೆ ಒಡೆಯುತ್ತೆ.

ನಮ್ಮ ಟೀಮಿನಲ್ಲಿ ಅಮೆರಿಕದ ಸಹೋದ್ಯೋಗಿ ಒಬ್ಬರಿದ್ದಾರೆ. ಅವರ ಚರ್ಚಿನ ಹಾಡುಗಾರರ ತಂಡ ರಜೆಯಲ್ಲಿ ಬೇರೆ ಬೇರೆ ದೇಶಗಳಿಗೆ ಹೋಗುತ್ತೆ. ಹಗಲು ಊರು ನೋಡೋದು, ಸಂಜೆ ಅಲ್ಲಿನ ಚರ್ಚಿನಲ್ಲಿ ಹಾಡೋದು. ಅದನ್ನ ಅವರು ಮಿಷನ್ ಟ್ರಿಪ್ ಅಂತಾರೆ. ಫೋಟೋ ನೋಡಿದಾಗ ನನಗೂ ಆಸೆ ಆಯ್ತು. ನಾವೂ ಯಾಕೆ ಹೋಗಬಾರದು? ಎಲ್ಲಿಗೆ ಅಂದಾಗ ಎಲ್ಲರೂ ಒಂದೇ ಮಾತು: ಕಾಶಿ.

ನಾನು ಎಕ್ಸೆಲ್ ಶೀಟ್ ಮಾಡಿದೆ. ಎರಡು ದಿನ, ಹದಿನಾಲ್ಕು ಐಟಂ. ದೆಹಲಿಯಿಂದ ವಾರಾಣಸಿಗೆ 2019ರಿಂದ ವಂದೇ ಭಾರತ್ ಓಡ್ತಿದೆ, ಸುಮಾರು ಎಂಟು ಗಂಟೆ. ಒಂದು ಸಾಂಸ್ಕೃತಿಕ ಕಾರ್ಯಕ್ರಮದಲ್ಲಿ ಇಪ್ಪತ್ತು ನಿಮಿಷದ ಅವಕಾಶವೂ ಸಿಕ್ಕಿತು.

ಆಗ ಅಮ್ಮ ಕೇಳಿದ್ರು: "ನನ್ನೂ ಕರ್ಕೊಂಡು ಹೋಗ್ತಿಯೇನಪಾ? ನಾ ಕಾಶಿ ನೋಡಿಲ್ಲ."

ನಾನು ಹೇಳಿದೆ, "ಘಾಟಿನಲ್ಲಿ ಮೆಟ್ಟಿಲು ಜಾಸ್ತಿ ಅಮ್ಮ, ನಿಮ್ಮ ಮೊಣಕಾಲು ನೋವು. ಮುಂದಿನ ಸಲ ಖಂಡಿತ."

ಮೊಣಕಾಲು ನೋವು ಸುಳ್ಳಲ್ಲ. ಆದರೆ ಕಾರಣ ಅದಾಗಿರಲಿಲ್ಲ. ಮೈಕಿನಲ್ಲಿ ಅವರ ದನಿ ಹೇಗೆ ಕೇಳುತ್ತೋ, ವಿಡಿಯೋ ಹೇಗೆ ಬರುತ್ತೋ ಅನ್ನೋದು ನನ್ನ ತಲೆಯಲ್ಲಿತ್ತು.

ಮೊದಲ ದಿನ ವಿಶ್ವನಾಥ, ಸಾರನಾಥ, ದೋಣಿ, ಎಲ್ಲ ಟಿಕ್ ಹಾಕಿದ್ವಿ. ಸಂಜೆ ಕಾರ್ಯಕ್ರಮ ತಡ ಆಯ್ತು. ಮೈಕ್ ನಮ್ಮ ಕೈಗೆ ಬಂದಾಗ ಉಳಿದಿದ್ದು ಆರು ನಿಮಿಷ. ಮೂರು ಹಾಡನ್ನ ಆರು ನಿಮಿಷಕ್ಕೆ ತುರುಕಿದ್ವಿ. ಮುಂದೆ ಕೂತವರು ಫೋನ್ ನೋಡ್ತಿದ್ರು. ಅವರದೇನೂ ತಪ್ಪಿಲ್ಲ. ಆ ವಿಡಿಯೋ ನೋಡಿದರೆ ನಮ್ಮ ಮುಖವೆಲ್ಲ ಪ್ರೊಡಕ್ಷನ್ ಸರ್ವರ್ ಬಿದ್ದಾಗ ಇರೋ ಹಾಗಿದೆ. (ನಗು)

ಮರುದಿನ ಬೆಳಗಿನ ಜಾವ ಅಸ್ಸಿ ಘಾಟಿಗೆ ಹೋದ್ವಿ. ಅಲ್ಲಿ 'ಸುಬಹ್-ಎ-ಬನಾರಸ್' ಅಂತ 2014ರ ನವೆಂಬರಿನಿಂದ ನಡೀತಿದೆ. ಸೂರ್ಯ ಹುಟ್ಟೋ ಹೊತ್ತಿಗೆ ಆರತಿ, ಆಮೇಲೆ ಬೆಳಗಿನ ರಾಗ. ಅವತ್ತು ಒಬ್ಬ ಹುಡುಗ ಹಾಡ್ತಿದ್ದ. ಕೇಳೋರು ಮೂವತ್ತು ಜನ ಇರಬಹುದು. ಅವನಿಗೆ ಯಾವ ಅವಸರವೂ ಇರಲಿಲ್ಲ. ಪಕ್ಕದಲ್ಲಿ ಚಹಾ ಕುಡೀತಿದ್ದ ಹಿರಿಯರೊಬ್ಬರು ಹೇಳಿದ್ರು, ಇಲ್ಲಿ ಹಾಡೋದಕ್ಕೆ 'ಹಾಜಿರಿ' ಅಂತೀವಿ.

ನಮ್ಮ 'ಹಾಜರಿ'ಯೇ ಅದು. ಸಂಕಟಮೋಚನ ಹನುಮಂತನ ಗುಡಿಯಲ್ಲಿ 1923ರಿಂದ ಸಂಗೀತೋತ್ಸವ ನಡೀತಿದೆ. ರಾತ್ರಿಯಿಡೀ, ಟಿಕೆಟ್ ಇಲ್ಲದೆ. ದೊಡ್ಡ ದೊಡ್ಡ ಕಲಾವಿದರೂ ಅಲ್ಲಿ ಹನುಮನ ಮುಂದೆ ಹಾಜರಿ ಹಾಕಿದ್ವಿ ಅಂತಾರೆ. ಆ ಗುಡಿಯ ಮಹಂತರಾಗಿದ್ದ ವೀರಭದ್ರ ಮಿಶ್ರ ಅವರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಹೈಡ್ರಾಲಿಕ್ ಎಂಜಿನಿಯರಿಂಗ್ ಪ್ರೊಫೆಸರ್. ಗಂಗೆಯ ನೀರು ಎಷ್ಟು ಕೆಟ್ಟಿದೆ ಅಂತ ಲೆಕ್ಕ ಗೊತ್ತಿದ್ದೂ ಅದರಲ್ಲೇ ಸ್ನಾನ ಮಾಡ್ತಿದ್ರು, ಅದನ್ನ ಚೊಕ್ಕ ಮಾಡೋಕೂ ದುಡಿದ್ರು. ಶಹನಾಯಿಯ ಬಿಸ್ಮಿಲ್ಲಾ ಖಾನರು ವರ್ಷಗಟ್ಟಲೆ ರಿಯಾಜ್ ಮಾಡಿದ್ದು ಗಂಗೆ ದಡದ ಬಾಲಾಜಿ ಗುಡಿಯಲ್ಲಿ.

ಆಗ ನನಗೆ ಅಮ್ಮ ಹೇಳಿದ್ದ ಕಥೆ ನೆನಪಾಯ್ತು. ರಾಯಚೂರು ಸೀಮೆಯ ಚೀಕಲಪರ್ವಿಯ ದಾಸಪ್ಪ, ಬಡವರ ಮನೆಯವರು, ಕಾಶಿಗೆ ಹೋಗ್ತಾರೆ. ಅಲ್ಲಿ ಕನಸಿನಲ್ಲಿ ಪುರಂದರದಾಸರು ಬಂದು ಅಂಕಿತ ಕೊಡ್ತಾರೆ. ಎದ್ದಾಗ ಅವರು ವಿಜಯದಾಸರು. ದಾಸ ಪರಂಪರೆ ಹೇಳ್ಕೊಂಡು ಬಂದಿರೋ ಕಥೆ ಇದು. ಅವರು ಕಾಶಿಗೆ ಹಾಡು ತಗೊಂಡು ಹೋಗಲಿಲ್ಲ, ಅಲ್ಲಿಂದ ಹಾಡು ತಗೊಂಡು ಬಂದ್ರು. ನಾವು ಹೋಗಿದ್ದು ಉಲ್ಟಾ. ಹಾಡು ಕೊಟ್ಟು ಬರ್ತೀವಿ ಅಂತ.

ಸಂಜೆ ಶೀಟ್ ಮುಚ್ಚಿಟ್ಟು ಕರ್ನಾಟಕ ಘಾಟಿಗೆ ಹೋದ್ವಿ. ಹನುಮಾನ್ ಘಾಟಿನ ಪಕ್ಕ ಇದೆ, ಹಿಂದೆ ಮೈಸೂರು ಘಾಟ್ ಅಂತಿದ್ರು. ಈಚೆ ಹರಿಶ್ಚಂದ್ರ ಘಾಟ್. ರಾಘವಾಂಕನ ಕಾವ್ಯ ಓದಿದವರಿಗೆ ಆ ಹೆಸರು ಸಾಕು. ಚಿತೆಗಳ ಹೊಗೆ ನಮ್ಮ ಕಡೆಗೇ ಬರ್ತಿತ್ತು. ಮೆಟ್ಟಿಲ ಮೇಲೆ ಕೂತು, ಮೈಕಿಲ್ಲದೆ ಒಂದು ತತ್ವಪದ ಶುರು ಮಾಡಿದ್ವಿ.

ಕೊಪ್ಪಳದ ಕಡೆಯ ನಾಲ್ಕೈದು ಹೆಂಗಸರು ಬಂದು ನಿಂತರು. ಅವರಲ್ಲಿ ಹಿರಿಯರೊಬ್ಬರು ಅವತ್ತು ಬೆಳಗ್ಗೆ ಜಂಗಮವಾಡಿ ಮಠದಲ್ಲಿ ತೀರಿಹೋದ ಗಂಡನ ಹೆಸರಲ್ಲಿ ಲಿಂಗ ಇಡಿಸಿ ಬಂದಿದ್ರು. ಆ ಮಠದಲ್ಲಿ ಹಾಗೆ ಇಟ್ಟ ಲಿಂಗಗಳು ಲೆಕ್ಕವಿಲ್ಲದಷ್ಟಿವೆ. ಹಾಡು ಮುಗಿದ ಮೇಲೆ ಅವರು ಅಂದ್ರು: "ಚಲೋ ಹಾಡ್ತೀರಿ ತಮ್ಮಾ. ಆದ್ರ ಗಾಡಿ ತಪ್ಪತೈತಿ ಅನ್ನೋರಂಗ ಯಾಕ ಓಡ್ತೀರಿ?"

ಅದೇ ಪದವನ್ನ ಅವರು ಹಾಡಿದ್ರು. ಧಾಟಿ ಬೇರೆ, ತುಂಬಾ ನಿಧಾನ. ದನಿ ನಡುಗ್ತಿತ್ತು, ಮೇಲಕ್ಕೆ ಹೋದಾಗ ಒಡೀತು. ನಡುವೆ ಒಂದು ಸಾಲು ಮರೆತರು, ಪಕ್ಕದಾಕೆ ಎತ್ತಿಕೊಟ್ಟರು. ನಮ್ಮಲ್ಲಿ ಯಾರೂ ತಾಳ ಮುಟ್ಟಲಿಲ್ಲ. ಅಮ್ಮನ ಮಗ ಆ ಕಡೆ ಮುಖ ಮಾಡಿ ಕೂತಿದ್ದ. ನನಗೆ ಅವನ ಮುಖ ನೋಡೋಕೆ ಆಗಲಿಲ್ಲ.

ಊರಿಗೆ ಬಂದ ಮೇಲೆ ಅಮ್ಮನ ಹತ್ರ ಹೋದೆ. ಗಂಗಾಜಲದ ತಂಬಿಗೆ ಕೊಟ್ಟೆ. ಆಮೇಲೆ ಹೇಳಿದೆ, "ಅಮ್ಮ, ನಿಮ್ಮನ್ನ ಬಿಟ್ಟು ಹೋಗಿದ್ದು ಮೊಣಕಾಲಿಗೆ ಅಲ್ಲ."

ಅವರು ತಂಬಿಗೆಯನ್ನ ದೇವರ ಮುಂದೆ ಇಟ್ಟು ಬಂದು, "ಗೊತ್ತಿತ್ತಪಾ" ಅಂದ್ರು. ಅಷ್ಟೇ. ಚಹಾ ಕೊಟ್ಟರು.

ಆ 'ಮುಂದಿನ ಸಲ' ಇನ್ನೂ ಬಂದಿಲ್ಲ. ಅಮ್ಮ ಈಗ ಹುಬ್ಬಳ್ಳಿಯಲ್ಲಿ ದೊಡ್ಡ ಮಗನ ಮನೆಯಲ್ಲಿದ್ದಾರೆ. ಎರಡೂ ಮೊಣಕಾಲಿಗೆ ಆಪರೇಷನ್ ಆಗಿದೆ, ಡಾಕ್ಟರು ದೂರದ ಪ್ರಯಾಣ ಸದ್ಯಕ್ಕೆ ಬೇಡ ಅಂದಿದ್ದಾರೆ. ಶನಿವಾರ ವಿಡಿಯೋ ಕಾಲಿನಲ್ಲಿ ಬರ್ತಾರೆ. ನೆಟ್‌ವರ್ಕ್ ತಡ ಆಗೋದರಿಂದ ನಮ್ಮ ತಾಳ ಅವರಿಗೆ ಅರ್ಧ ಸೆಕೆಂಡು ಹಿಂದೆ ಕೇಳುತ್ತೆ, ಹಾಡು ಕೆಡುತ್ತೆ. ಎಷ್ಟೋ ಸೆಟ್ಟಿಂಗ್ ಬದಲಿಸಿ ನೋಡಿದೆ, ಸರಿಹೋಗಲಿಲ್ಲ. ಕೊನೆಗೆ ಹನ್ನೊಂದು ಜನವೂ ಮ್ಯೂಟ್ ಆಗ್ತೀವಿ, ಅವರು ಹಾಡ್ತಾರೆ.

ನೀವೂ ಇಂಥ ಗುಂಪು ಕಟ್ಟಿಕೊಂಡು ಎಲ್ಲಿಗಾದರೂ ಹೊರಟಿದ್ರೆ, ಟಿಕೆಟ್ ಬುಕ್ ಮಾಡೋ ಮುಂಚೆ ಲಿಸ್ಟ್ ಇನ್ನೊಂದು ಸಲ ನೋಡಿ. ನಿಮಗೆ ಹಾಡು ಕಲಿಸಿದವರ ಹೆಸರು ಅದರಲ್ಲಿದೆಯಾ?